ಮರವು ಯಾರದು?

ವಾಚಕರೇ, ಕಿರುಗಾವಲಿಗೆ ದೂರವಲ್ಲದ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೀವು ಬಲ್ಲಿರಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಲ್ಲಿ ಅಲ್ಲಿಗೆ ಬಂದು, ಮನೆಗಳ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಸುತ್ತಲ ಕೆರೆಗಳ ಮೀನನ್ನು ಉಣಿಸಿ ಮರಿಗಳನ್ನು ಬೆಳೆಸಿ, ಮಳೆಗಾಲದ ಹೊತ್ತಿಗೆ ತೆರಳುತ್ತವೆ. ಹುಣಸೆ ಹಣ್ಣಾಗುವುದೂ ಆ ದಿನಗಳಲ್ಲಿಯೇ. ಕೊಂಬೆ ಬಡಿದರೆ ಮೊಟ್ಟೆಮರಿಗಳು ನೆಲಕ್ಕುರುಳುವುವು. ಆದುದರಿಂದ ಅನೇಕ ರೈತರು ಆ ಫಸಲನ್ನೇ ಕೈಬಿಟ್ಟರು.

ಹಿಕ್ಕೆಯ ಗೊಬ್ಬರ ದೊರೆಯಿತಲ್ಲ, ಮುಂದೆ ಅರಣ್ಯ ಇಲಾಖೆಯ ಪರಿಹಾರಧನವೂ ಬಂದಿತಲ್ಲ, ಇದು ತ್ಯಾಗವೆಂತು ಎನ್ನುವಿರಾ? ಲಾಭವು ಜೊತೆಗೂಡಿದ ಮಾತ್ರಕ್ಕೆ ಕರುಣೆಯು ಸುಳ್ಳಾಗದು. ಲಾಭವಿಲ್ಲದ ದಿನವೂ ಕೊಡಲಿ ಎತ್ತದಿರುವುದೇ ಅದರ ಒರೆಗಲ್ಲು. 2007ರಲ್ಲಿ ಸರಕಾರವು ಈ ತಾಣವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಊರವರು ಅದಕ್ಕೂ ಬಹು ಮೊದಲೇ ಹಕ್ಕಿಗಳನ್ನು ತಮ್ಮವೆಂದಿದ್ದರು.

ಪತ್ರದಲ್ಲಿ ಮರವು ನಮ್ಮದು. ಗೂಡಿರುವಷ್ಟು ದಿನ ಹಕ್ಕಿಯದು. ನಮ್ಮ ಹಿತ್ತಲ ಮರವನ್ನು ಕುರಿತು ನಾವು ಹೀಗೆ ಹೇಳಬಲ್ಲೆವೇ?