ವೆರೋನಿಕಾಳ ವಸ್ತ್ರವೂ ನಮ್ಮ ಕ್ಯಾಮೆರಾವೂ

ತಪಸ್ಸುಕಾಲದ ಶುಕ್ರವಾರಗಳಂದು ನಾವು ಶಿಲುಬೆಯ ಹಾದಿಯನ್ನು ಆಚರಿಸುತ್ತೇವೆ. ಆರನೆಯ ಸ್ಥಳದಲ್ಲಿ ವೆರೋನಿಕಾ ಎಂಬ ಸ್ತ್ರೀ ಜನಸಂದಣಿಯನ್ನು ದಾಟಿ ಬಂದು, ಬೆವರು ರಕ್ತಗಳಿಂದ ತೊಯ್ದ ಪ್ರಭುವಿನ ಮುಖವನ್ನು ತನ್ನ ವಸ್ತ್ರದಿಂದ ಒರೆಸುತ್ತಾಳೆ. ಆ ವಸ್ತ್ರದ ಮೇಲೆ ಪ್ರಭುವಿನ ಮುಖದ ಅಚ್ಚು ಮೂಡುತ್ತದೆ. ಈ ಪ್ರಸಂಗ ಶುಭಸಂದೇಶಗಳಲ್ಲಿಲ್ಲ. ಧರ್ಮಸಭೆಯ ಪರಂಪರೆ ಅದನ್ನು ಉಳಿಸಿಕೊಂಡು ಬಂದಿದೆ. ಗಲಭೆಯ ನಡುವೆ ನೊಂದವರ ಮುಖವನ್ನು ಕಾಪಾಡಿಕೊಟ್ಟ ಆ ವಸ್ತ್ರವನ್ನು ನೆನೆದಾಗ ನನಗೆ ಇಂದಿನ ಕ್ಯಾಮೆರಾ ನೆನಪಾಗುತ್ತದೆ. ಸಂಕಟದಲ್ಲಿರುವ ಮನುಷ್ಯನ ಚಿತ್ರ ತೆಗೆಯುವುದು ಸರಿಯೇ?

ಶಲವಡಿಯ ಸುತ್ತಲಿನ ಈ ಎರೆಭೂಮಿ ಗಲಭೆಯ ದಿನಗಳನ್ನು ಕಂಡಿದೆ. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ರೈತರ ಚಳವಳಿ ಗೋಲಿಬಾರಿಗೂ ಸಾವುನೋವಿಗೂ ತಿರುಗಿತು. ಆಗ ಹಳ್ಳಿಯವರ ಕೈಯಲ್ಲಿ ಕ್ಯಾಮೆರಾ ಎಲ್ಲಿತ್ತು? ಆ ದಿನದ ನೆನಪು ವೀರಗಲ್ಲಿನಲ್ಲಿ, ಹಿರಿಯರ ಮಾತಿನಲ್ಲಿ ಉಳಿಯಿತು. 2016ರ ಜುಲೈ 27ರಂದು ಮಹದಾಯಿ ನ್ಯಾಯಾಧಿಕರಣವು 7.56 ಟಿಎಂಸಿ ಅಡಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ಮತ್ತೆ ಜನರ ಸಿಟ್ಟು ಉಕ್ಕಿತು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಹಾನಿಯಾಯಿತು. ಬಳಿಕ ಯಮನೂರಿನಲ್ಲಿ ಪೊಲೀಸರು ಹೆಂಗಸರು, ಮುದುಕರು ಎನ್ನದೆ ಲಾಠಿ ಬೀಸಿದರು. ಆ ದೃಶ್ಯಗಳನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿತು; ಕೆಲವು ಪೊಲೀಸರು ಅಮಾನತುಗೊಂಡರು. ಆ ದೃಶ್ಯಗಳಿಲ್ಲದಿದ್ದರೆ ಬಡವರ ಮಾತನ್ನು ಎಷ್ಟು ಜನ ನಂಬುತ್ತಿದ್ದರು?

ಆದ್ದರಿಂದ ಚಿತ್ರವೂ ಒಂದು ಸಾಕ್ಷಿ. ಸಾಕ್ಷಿ ಎಂದಮೇಲೆ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ದೇವರ ಎಂಟನೆಯ ಕಟ್ಟಳೆ ಅದಕ್ಕೂ ಅನ್ವಯಿಸುತ್ತದೆ. ಚೌಕಟ್ಟಿನ ಒಳಗಿರುವುದು ನಿಜವಾಗಿದ್ದರೂ ಹೊರಗೆ ಉಳಿದದ್ದನ್ನು ಮರೆಮಾಚಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ನವಲಗುಂದದ ಒಡೆದ ಕಿಟಕಿಯನ್ನು ಮಾತ್ರ ತೋರಿಸುವವರೂ ಯಮನೂರಿನ ಲಾಠಿಯನ್ನು ಮಾತ್ರ ತೋರಿಸುವವರೂ ಅರ್ಧ ಸತ್ಯವನ್ನೇ ಹೇಳುತ್ತಾರೆ.

ಸತ್ಯದ ಜೊತೆಗೆ ನ್ಯಾಯದ ಪ್ರಶ್ನೆಯೂ ಇದೆ. ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಹಾಗಾದರೆ ಚಿತ್ರದಲ್ಲಿರುವವರಿಗೆ ಸಲ್ಲಬೇಕಾದುದೇನು? 1936ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ಬಟಾಣಿ ಬೆಳೆ ಹಾಳಾಗಿ ಕೂಲಿಕಾರರು ಹಸಿದಿದ್ದರು. ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಅಲ್ಲಿ ಮಕ್ಕಳೊಡನೆ ಡೇರೆಯಲ್ಲಿ ಕುಳಿತಿದ್ದ ಒಬ್ಬ ತಾಯಿಯ ಚಿತ್ರ ತೆಗೆದರು. ಪತ್ರಿಕೆಯಲ್ಲಿ ಸುದ್ದಿ ಬಂದೊಡನೆ ಆ ಶಿಬಿರಕ್ಕೆ ಸುಮಾರು 20,000 ಪೌಂಡು ಆಹಾರ ಹೋಯಿತು. ಅಷ್ಟರಲ್ಲಿ ಆ ತಾಯಿ ಕೆಲಸ ಹುಡುಕಿಕೊಂಡು ಬೇರೆಡೆಗೆ ಹೊರಟುಹೋಗಿದ್ದಳು. ಲ್ಯಾಂಗ್ ಅವಳ ಹೆಸರನ್ನು ಕೇಳಿರಲಿಲ್ಲ. ಜಗತ್ತಿಗೆ ಅದು ತಿಳಿದದ್ದು 1978ರಲ್ಲಿ. ಆ ಚಿತ್ರ ಅನೇಕರಿಗೆ ಅನ್ನವಾಯಿತು, ಅವಳಿಗೆ ಆಗಲಿಲ್ಲ.

ನಮ್ಮ ಕಡೆಯ ಒಬ್ಬ ಹಿರಿಯ ರೈತರು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ: "ಬರಗಾಲದಾಗ ಒಬ್ಬಾವ ಬಂದು ನನ್ನ ಫೋಟೋ ಹೊಡಕೊಂಡ ಹ್ವಾದ್ರಿ, ಫಾದರ್. ಹೆಸರ ಸುದ್ದಾ ಕೇಳಲಿಲ್ಲ. ನೀರ ಕುಡದ ಹೋಗ್ರಿ ಅಂದೆ, ನಿಂದ್ರಲಿಲ್ಲ." ಬರಗಾಲದಲ್ಲಿ ನೀರು ಕೊಡಲು ಮುಂದಾದವರು ಅವರು! ಕ್ಯಾಮೆರಾಕ್ಕೆ ಕಂಡದ್ದು ಅವರ ಬಡತನ ಮಾತ್ರ.

ಹಾಗೆಂದು ಕ್ಯಾಮೆರಾವನ್ನು ಕೆಳಗಿಡಬೇಕೆಂದು ನಾನು ಹೇಳುವುದಿಲ್ಲ. ಎಲ್ಲರೂ ಕೆಳಗಿಟ್ಟರೆ ಯಮನೂರಿಗೆ ಸಾಕ್ಷಿ ಯಾರು? ಒಳ್ಳೆಯ ಸಮಾರಿಯದವನ ಸಾಮತಿಯಲ್ಲಿ ಯಾಜಕನೂ ಲೇವಿಯನೂ ಸಮಾರಿಯದವನೂ ಗಾಯಗೊಂಡವನನ್ನು ಕಂಡರು. ಕಂಡ ಮೇಲೆ ಯಾರು ನಿಂತರು ಎಂಬುದರಲ್ಲಿ ವ್ಯತ್ಯಾಸವಿತ್ತು. ವೆರೋನಿಕಾ ಮುಖದ ಅಚ್ಚು ಬೇಕೆಂದು ಹೋದವಳಲ್ಲ, ಒರೆಸಲು ಹೋದವಳು. ಅಚ್ಚು ಅವಳಿಗೆ ವರವಾಗಿ ಸಿಕ್ಕಿತು. ಕರುಣೆ ಮೊದಲು, ಚಿತ್ರ ಅನಂತರ. ಪ್ರಾಣ ಉಳಿಸಲು ನಮ್ಮ ಕೈ ಬೇಕಾಗಿರುವಾಗ ಕ್ಯಾಮೆರಾ ಕಾಯಬೇಕು. ಬೇರೆ ಸಮಯದಲ್ಲಿ ಹೆಸರು ಕೇಳುವುದು, ಒಪ್ಪಿಗೆ ಪಡೆಯುವುದು, ಕೊಟ್ಟ ನೀರನ್ನು ಕುಡಿಯುವುದು, ಕಂಡದ್ದನ್ನು ತಿರುಚದೆ ಹೇಳುವುದು, ಇವೆಲ್ಲವೂ ಮುಖ ಒರೆಸುವ ಕೆಲಸವೇ.

ಪ್ರಿಯ ಓದುಗರೇ, ಇಂದು ಪ್ರತಿ ಮನೆಯಲ್ಲೂ ಕ್ಯಾಮೆರಾ ಇದೆ, ಮೊಬೈಲ್ ಫೋನಿನ ರೂಪದಲ್ಲಿ. ರಸ್ತೆಯಲ್ಲಿ ಅಪಘಾತವಾದರೆ ಎತ್ತುವ ಕೈಗಳಿಗಿಂತ ಫೋನು ಹಿಡಿದ ಕೈಗಳೇ ಹೆಚ್ಚು. ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೊಡನೆ ಕುಳಿತು ಕೇಳಿಕೊಳ್ಳೋಣ: ಈ ಮುಖ ನನ್ನ ತಾಯಿಯದಾಗಿದ್ದರೆ ಈ ಚಿತ್ರವನ್ನು ಹತ್ತು ಜನರಿಗೆ ಕಳುಹಿಸುತ್ತಿದ್ದೆನೇ? ನೋಡಿ ಮರುಕಪಟ್ಟು, ಬೆರಳು ಸರಿಸಿ ಮುಂದೆ ಹೋದರೆ ನಾನೂ ಆ ಲೇವಿಯನೇ ಅಲ್ಲವೇ?

ಹಸಿದವರಲ್ಲಿ, ಪೆಟ್ಟು ತಿಂದವರಲ್ಲಿ ತಮ್ಮನ್ನೇ ಕಾಣಬೇಕೆಂದು ಪ್ರಭು ಕಲಿಸಿದ್ದಾರೆ. ಅವರ ಮುಖವನ್ನು ಕದಿಯದೆ, ಮರೆಯದೆ, ಗೌರವದಿಂದ ಕಾಪಾಡುವ ಕಣ್ಣನ್ನೂ ಕೈಯನ್ನೂ ಪ್ರಭು ನಮಗೆ ದಯಪಾಲಿಸಲಿ.