ಪರಧನವೂ ವಿದ್ಯಾಪೀಠವೂ

ವಿದ್ಯೆಗೆ ಧನದ ಆಸರೆ ಬೇಕೆಂಬುದು ಎಲ್ಲ ಕಾಲದಲ್ಲಿಯೂ ಕಂಡುಬಂದ ಮಾತು. ಅರಸರು ಅಗ್ರಹಾರಗಳಿಗೆ ವೃತ್ತಿಗಳನ್ನು ಬಿಟ್ಟರು. ಮಠಗಳು ಅನ್ನವಿಟ್ಟು ಶಿಷ್ಯರನ್ನು ಓದಿಸಿದುವು. ಊರಿನ ಗೃಹಸ್ಥರು ವಾರಾನ್ನದಿಂದ ಬಡ ವಿದ್ಯಾರ್ಥಿಗಳನ್ನು ಸಾಕಿದರು. ಆದರೆ ಹಣವನ್ನು ಕೊಟ್ಟವನಿಗೂ, ಅದನ್ನು ಪಡೆದು ಜ್ಞಾನವನ್ನು ಅರಸುವವನಿಗೂ, ಇವರಿಬ್ಬರ ನಡುವೆ ನಿಂತು ಲೆಕ್ಕವಿಡುವ ವಿದ್ಯಾಪೀಠಕ್ಕೂ ಇರುವ ಸಂಬಂಧವು ಎಂತಹುದು? ಆ ಹಣವು ದಾನವೆ, ಸಾಲವೆ, ಕೂಲಿಯೆ, ಇಲ್ಲವೆ ನಿಕ್ಷೇಪವೆ? ಈ ಪ್ರಶ್ನೆಯು ಗುಮಾಸ್ತರಿಗೆ ಮಾತ್ರ ಸೇರಿದುದೆಂದು ತಳ್ಳಿಬಿಡತಕ್ಕುದಲ್ಲ. ಇದಕ್ಕೆ ವಿದ್ವಾಂಸನು ಮನಸ್ಸಿನಲ್ಲಿ ಯಾವ ಉತ್ತರವನ್ನು ಇಟ್ಟುಕೊಂಡಿರುವನೋ ಅದರಂತೆಯೇ ಅವನ ನಡತೆಯಿರುವುದು; ಆ ನಡತೆಯ ಫಲವನ್ನು ಕಟ್ಟಕಡೆಗೆ ಉಣ್ಣುವವನು, ಬೋರನಕಣಿವೆಯ ಆಸುಪಾಸಿನಲ್ಲಿ ನಾಲ್ಕಾರು ಸಾಲು ತೆಂಗಿನ ಮರಗಳನ್ನು ನಂಬಿ ಬಾಳುವ ಒಕ್ಕಲಿಗನು.

ಕನ್ನಡನಾಡಿಗೆ ಈ ವಿಷಯವು ಹೊಸದಲ್ಲ. ಜಮ್ಷೇಟ್‌ಜಿ ಟಾಟಾ ಅವರು ೧೮೯೮ರಲ್ಲಿ ತಮ್ಮ ಸ್ವಂತ ಆಸ್ತಿಯ ದೊಡ್ಡದೊಂದು ಭಾಗವನ್ನು ಉನ್ನತ ಸಂಶೋಧನೆಗಾಗಿ ಕೊಡಲು ಮುಂದೆ ಬಂದರು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ೩೭೧ ಎಕರೆ ನೆಲವನ್ನೂ ೫ ಲಕ್ಷ ರೂಪಾಯಿಗಳನ್ನೂ ಕೊಟ್ಟಿತು. ದಾತೃಗಳು ೧೯೦೪ರಲ್ಲಿ ತೀರಿಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾದುದು ೧೯೦೯ರಲ್ಲಿ. ತಾವು ಕಾಣದ ಕಟ್ಟಡದಲ್ಲಿ, ತಾವರಿಯದ ಜನರು, ತಮಗೆ ತಿಳಿಯದ ವಿಷಯಗಳನ್ನು ಶೋಧಿಸಲೆಂದು ಕೊಟ್ಟ ಹಣವದು. ಇತ್ತ ತೆಂಗಿನ ವಿಷಯವನ್ನೇ ನೋಡಿದರೆ, ೧೯೧೬ರಲ್ಲಿ ಮದರಾಸು ಸರಕಾರವು ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾಲಯವನ್ನು ತೆರೆಯಿತು. ೧೯೪೪ರ ಶಾಸನವೊಂದರಂತೆ ಗಿರಣಿಗಳಲ್ಲಿ ಅರೆಯುವ ಕೊಬ್ಬರಿಯ ಮೇಲೆ ಸುಂಕವನ್ನು ವಿಧಿಸಿ, ಆ ಹಣದಿಂದ ಭಾರತೀಯ ಕೇಂದ್ರ ತೆಂಗು ಸಮಿತಿಯನ್ನು ನಡೆಸಿದರು. ಕಾಸರಗೋಡಿನ ಸಂಶೋಧನಾಲಯವು ಮುಂದೆ ಆ ಸಮಿತಿಯ ವಶಕ್ಕೆ ಬಂದು, ೧೯೭೦ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಒಂದೆಡೆ ಧನಿಕನೊಬ್ಬನ ಔದಾರ್ಯ. ಇನ್ನೊಂದೆಡೆ ಅಡುಗೆಮನೆಯ ಎಣ್ಣೆಯೊಡನೆ ಜನರು ತಮಗೆ ಅರಿವಿಲ್ಲದೆಯೇ ತೆತ್ತ ಕಾಸು. ಎರಡೂ ಸೇರಿದುದು ಸಂಶೋಧನೆಗೇ.

ಇಂದಿನ ಕ್ರಮವು ಇದಕ್ಕಿಂತ ಜಟಿಲವಾದುದು. ವಿಶ್ವವಿದ್ಯಾನಿಲಯದ ಅಧ್ಯಾಪಕನೊಬ್ಬನು ಶೋಧನೆಯ ವಿಷಯವೊಂದನ್ನು ಕುರಿತು ಕೇಂದ್ರ ಸರಕಾರದ ಇಲಾಖೆಗೋ, ತೆಂಗು ಅಭಿವೃದ್ಧಿ ಮಂಡಳಿಗೋ, ಕಂಪೆನಿಗೋ ಬಿನ್ನಹ ಬರೆಯುವನು. ಮಂಜೂರಾದ ಹಣವು ಅವನ ಕೈಗೆ ಬಾರದು; ಅದು ವಿಶ್ವವಿದ್ಯಾನಿಲಯದ ಖಾತೆಗೆ ಬಂದು, ಸಹಾಯಕರ ವೇತನ, ಸಾಮಗ್ರಿ, ಉಪಕರಣ, ಪ್ರವಾಸ ಎಂದು ಬಾಬುಬಾಬಾಗಿ ವಿಂಗಡವಾಗುವುದು. ಕಟ್ಟಡ, ದೀಪ, ಕಚೇರಿಗಳ ವೆಚ್ಚಕ್ಕೆಂದು ಶೇಕಡಾ ಇಂತಿಷ್ಟನ್ನು ವಿಶ್ವವಿದ್ಯಾನಿಲಯವು ಇಟ್ಟುಕೊಳ್ಳುವುದು. ಅಖಿಲ ಭಾರತ ಸಮನ್ವಿತ ಯೋಜನೆಗಳಲ್ಲಿ ಮುಕ್ಕಾಲು ಪಾಲನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತೂ ಕಾಲು ಪಾಲನ್ನು ರಾಜ್ಯದವರೂ ಕೊಡುವ ಪದ್ಧತಿಯು ಬಹುಕಾಲದಿಂದ ಬಂದಿದೆ. ಅರಸೀಕೆರೆಯ ತೆಂಗಿನ ಸಂಶೋಧನಾ ಕೇಂದ್ರವು ಇಂತಹ ಯೋಜನೆಗೆ ಸೇರಿದುದು. ಕೇಂದ್ರ ಸರಕಾರದ ೨೦೧೭ರ ಸಾಮಾನ್ಯ ಹಣಕಾಸಿನ ನಿಯಮಗಳಂತೆ, ಅನುದಾನವನ್ನು ಕೊಟ್ಟ ಉದ್ದೇಶಕ್ಕೇ ವಿನಿಯೋಗಿಸಬೇಕು. ವರ್ಷವು ಮುಗಿದ ಹನ್ನೆರಡು ತಿಂಗಳೊಳಗೆ ವಿನಿಯೋಗದ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಆ ಹಣದ ಮೇಲೆ ಹುಟ್ಟಿದ ಬಡ್ಡಿಯನ್ನು ಭಾರತದ ಸಂಚಿತ ನಿಧಿಗೆ ಹಿಂದಿರುಗಿಸಬೇಕು. ಅದರಿಂದ ಕೊಂಡ ಉಪಕರಣವನ್ನು ಅಪ್ಪಣೆಯಿಲ್ಲದೆ ಮಾರಕೂಡದು.

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: "ವಿದ್ವಾಂಸನನ್ನು ನಂಬಿ ಹಣವನ್ನು ಕೊಡಿರಿ, ಇಲ್ಲವೆ ಕೊಡಬೇಡಿರಿ, ಕೊಟ್ಟ ಮೇಲೆ ಸಂಶಯಪಡುವುದು ಔದಾರ್ಯದ ಲಕ್ಷಣವಲ್ಲ. ಮರವನ್ನು ನೋಡಬೇಕಾದ ಕಣ್ಣು ರಸೀತಿಗಳನ್ನು ನೋಡುತ್ತ ಸವೆಯುವುದು. ಇದಲ್ಲದೆ ಯೋಜನೆಗೆ ಗೊತ್ತುಮಾಡುವ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಎತ್ತರದ ಜಾತಿಯ ತೆಂಗು ಫಲಕ್ಕೆ ಬರಲು ಆರೇಳು ವರ್ಷ. ಲೆಕ್ಕವು ಮುಗಿಯುವ ಹೊತ್ತಿಗೆ ಮರವಿನ್ನೂ ಎಳೆಯದಾಗಿರುವುದು."

ಈ ಮಾತಿನ ಕೊನೆಯ ಭಾಗದಲ್ಲಿ ನಿಜವುಂಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಅಟ್ಟಕ್ಕೆ ಏರಿಸಿದ ಕಾಯಿಯು ಚಿಪ್ಪಿನೊಳಗೆ ತಾನಾಗಿ ಒಣಗಿ ಉಂಡೆ ಕೊಬ್ಬರಿಯಾಗಲು ಹೆಚ್ಚು ಕಡಮೆ ವರ್ಷವೇ ಬೇಕು. ಸಾಲಗಾರನು ಬಾಗಿಲಿಗೆ ಬಂದನೆಂದು ಮೂರನೆಯ ತಿಂಗಳಲ್ಲಿ ಒಡೆದರೆ ಅದು ಕೊಬ್ಬರಿಯೂ ಅಲ್ಲ, ಹಸಿಗಾಯಿಯೂ ಅಲ್ಲ. ಜ್ಞಾನಕ್ಕೂ ತನ್ನದೇ ಆದ ಪಾಕಕಾಲವಿದೆ. ಅದನ್ನರಿಯದೆ ಅವಧಿಯನ್ನು ಗೊತ್ತುಮಾಡುವ ದಾತನು, ಅರೆಬೆಂದುದನ್ನು ಬೆಂದಿತೆಂದು ಬರೆದುಕೊಡುವಂತೆ ವಿದ್ವಾಂಸನನ್ನು ಪ್ರೇರಿಸಿದ ದೋಷಕ್ಕೆ ಭಾಗಿಯಾಗುತ್ತಾನೆ.

ಆದರೆ ಲೆಕ್ಕವೇ ಬೇಡವೆಂಬ ಮೊದಲಿನ ಮಾತು ನಿಲ್ಲತಕ್ಕುದಲ್ಲ. ಧರ್ಮಶಾಸ್ತ್ರಕಾರರು ಪರಧನದ ವಿಷಯವನ್ನು ಬಹು ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನದ ತರುವಾಯವೇ ನಿಕ್ಷೇಪವು ಬರುವುದು. ಯಾಜ್ಞವಲ್ಕ್ಯನ ಮತದಲ್ಲಿ, ಇಟ್ಟುಕೊಂಡ ನಿಕ್ಷೇಪವು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನು ತೆರಬೇಕಾದುದಿಲ್ಲ; ಆದರೆ ಅದನ್ನು ತನ್ನ ಇಚ್ಛೆಯಂತೆ ಬಳಸಿಕೊಂಡು ಬದುಕಿದರೆ ದಂಡವನ್ನೂ ತೆರಬೇಕು, ಮೂಲವನ್ನು ವೃದ್ಧಿಸಹಿತವಾಗಿ ಹಿಂದಕ್ಕೂ ಕೊಡಬೇಕು. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯರ ಕಲ್ಯಾಣದಲ್ಲಿದ್ದವನು. ಬಡ್ಡಿಯನ್ನು ಹಿಂದಿರುಗಿಸಬೇಕೆಂಬ ಈಗಿನ ನಿಯಮವನ್ನು ಕಂಡಿದ್ದರೆ ಆತನಿಗೆ ಅದು ಹೊಸತಾಗಿ ತೋರುತ್ತಿರಲಿಲ್ಲ. ಇನ್ನೂ ಹತ್ತಿರದ ಮಾತೊಂದು ಮನುವಿನಲ್ಲಿದೆ: ಧರ್ಮಕಾರ್ಯಕ್ಕೆಂದು ಬೇಡಿದವನಿಗೆ ಕೊಟ್ಟ ಧನದಿಂದ ಆ ಕಾರ್ಯವು ನಡೆಯದೆ ಹೋದರೆ ಆ ದಾನವು ಸಲ್ಲದು, ದರ್ಪದಿಂದಲೋ ಲೋಭದಿಂದಲೋ ಅದನ್ನು ಉಳಿಸಿಕೊಳ್ಳ ಬಯಸಿದವನು ದಂಡಾರ್ಹನು.

ಇವುಗಳನ್ನು ಕೂಡಿಸಿ ನೋಡಿದರೆ ಸಂಶೋಧನೆಯ ಅನುದಾನದ ಸ್ವರೂಪವು ತಿಳಿಯಾಗುವುದು. ಅದು ಕೇವಲ ದಾನವಲ್ಲ. ಏಕೆಂದರೆ ದಾನದಲ್ಲಿ ದಾತನ ಸ್ವತ್ವವು ಅಳಿದು, ಪಡೆದವನು ತನ್ನಿಚ್ಛೆಯಂತೆ ಬಳಸಬಹುದು. ಅದು ಸಾಲವಲ್ಲ, ಸರಿಯಾಗಿ ವೆಚ್ಚವಾದ ಹಣವನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲ. ಅದು ಶುದ್ಧ ನಿಕ್ಷೇಪವೂ ಅಲ್ಲ. ನಿಕ್ಷೇಪವನ್ನು ಇಟ್ಟಂತೆಯೇ ಒಪ್ಪಿಸಬೇಕು, ಇದಾದರೋ ಕರಗಿ ಜ್ಞಾನದ ರೂಪವನ್ನು ತಾಳಬೇಕು. ಕಾಯುವುದರಲ್ಲಿ ನಿಕ್ಷೇಪದಂತೆ, ವ್ಯಯಿಸುವುದರಲ್ಲಿ ಧರ್ಮಾರ್ಥದತ್ತವಾದ ಧನದಂತೆ ಅದನ್ನು ನಡೆಸತಕ್ಕುದು. ಹೀಗಿರಲು, ಲೆಕ್ಕ ಕೇಳುವುದು ಅಪನಂಬಿಕೆಯ ಗುರುತೆನ್ನಲಾಗದು. ಹಣವು ವಿದ್ವಾಂಸನ ಕೈಗೆ ನೇರವಾಗಿ ಬಾರದೆ ಸಂಸ್ಥೆಯ ಮೂಲಕ ಬರುವುದರಿಂದ ಅವನಿಗೇ ಒಂದು ರಕ್ಷಣೆಯೂ ಉಂಟು: ದಾತನು ಅವನ ಕೈಯನ್ನು ಹಿಡಿದು ಹೀಗೆ ಬರೆ, ಹಾಗೆ ಬರೆಯಬೇಡ ಎನ್ನಲು ಸುಲಭವಾಗಿ ಎಡೆಯಿರುವುದಿಲ್ಲ.

ಉಳಿದುದು ಕೂಲಿಯ ಪಕ್ಷ. ಕಂಪೆನಿಯು ಕರಾರಿನ ಮೇಲೆ ಹಣ ಕೊಟ್ಟು ತನ್ನ ಔಷಧವನ್ನು ಪರೀಕ್ಷಿಸೆಂದು ಕೇಳಿದಾಗ ವಿದ್ವಾಂಸನು ಅದರ ಭೃತ್ಯನಾದನೆ? ೧೯೯೮ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡ ನುಸಿಯ ಪೀಡೆಯು ಸ್ವಲ್ಪ ಕಾಲದಲ್ಲಿಯೇ ಕರ್ನಾಟಕದ ತೆಂಗಿನ ಸೀಮೆಗೂ ಹಬ್ಬಿತು. ಬರಿಗಣ್ಣಿಗೆ ಕಾಣದ ಆ ಜಂತುವು ಎಳೆಗಾಯಿಯ ತೊಟ್ಟಿನ ಮರೆಯಲ್ಲಿ ಕುಳಿತು ರಸವನ್ನು ಹೀರುವುದು; ಕಾಯಿಯು ಕಂದುಗಟ್ಟಿ, ಬಿರಿದು, ಕಿರಿದಾಗುವುದು. ಬೇರಿಗೆ ಔಷಧ ಕಟ್ಟಿರೆಂದು ಒಬ್ಬರು, ಬೇವಿನೆಣ್ಣೆಯನ್ನು ಸಿಂಪಡಿಸಿರೆಂದು ಇನ್ನೊಬ್ಬರು ಹೇಳುವಾಗ ರೈತನಿಗೆ ಬೇಕಾದುದು ಒಂದೇ: ಯಾವ ಮಾರಾಟಗಾರನ ಋಣವೂ ಇಲ್ಲದ ನಾಲಗೆಯಿಂದ ಬಂದ ಮಾತು. ಒಂದು ಔಷಧದ ಪರೀಕ್ಷೆಯನ್ನು ಅದನ್ನು ಮಾರುವವನ ಹಣದಿಂದಲೇ ನಡೆಸಿದರೆಂದೂ, ಫಲವು ವಿಪರೀತವಾಗಿ ಬಂದಿತೆಂದೂ, ಕರಾರಿನಲ್ಲಿ ತನ್ನ ಅಪ್ಪಣೆಯಿಲ್ಲದೆ ಪ್ರಕಟಿಸಕೂಡದೆಂಬ ಮಾತಿದ್ದಿತೆಂದೂ ಭಾವಿಸಿಕೊಳ್ಳೋಣ. ಆಗ ವಿದ್ವಾಂಸನು ಮಾಡತಕ್ಕುದೇನು?

ಪೇಟೆಯ ಚಿನಿವಾರನು ಇದಕ್ಕೆ ಉತ್ತರ ಹೇಳಬಲ್ಲನು. ಚಿನ್ನದ ಒಡೆಯನಿಂದಲೇ ಅವನು ಕೂಲಿಯನ್ನು ತೆಗೆದುಕೊಳ್ಳುವನು. ಆದರೆ ಆ ಕೂಲಿಯು ಒರೆಗಲ್ಲಿಗೆ ತಿಕ್ಕಿದ ಶ್ರಮಕ್ಕೆ, ಕಲ್ಲಿನ ಮೇಲೆ ಮೂಡಿದ ಬಣ್ಣಕ್ಕಲ್ಲ. ಬಣ್ಣಕ್ಕೂ ಕೂಲಿ ತೆಗೆದುಕೊಂಡ ದಿನ ಅವನ ಒರೆಗಲ್ಲು ಬರಿಯ ಕಲ್ಲು. ಕಂಪೆನಿಯು ವಿದ್ವಾಂಸನ ಕಾಲವನ್ನೂ ಶ್ರಮವನ್ನೂ ಉಪಕರಣದ ಬಳಕೆಯನ್ನೂ ಬೆಲೆಗೆ ಪಡೆಯಬಹುದು. ತನ್ನ ಔಷಧದ ರಹಸ್ಯವನ್ನು ಗುಟ್ಟಾಗಿಡೆಂದು ಕೇಳಬಹುದು. ಹಕ್ಕುಪತ್ರಕ್ಕಾಗಿ ಕೆಲವು ತಿಂಗಳು ತಾಳೆಂದೂ ಕೇಳಬಹುದು. ಆದರೆ ಜನರಿಗೆ ಹಾನಿ ತಟ್ಟುವ ಫಲವನ್ನು ಮುಚ್ಚಿಡೆಂದು ಕೇಳುವ ಹಕ್ಕು ಅದಕ್ಕಿಲ್ಲ. ಅಂತಹ ಮಾತಿಗೆ ಸಹಿ ಹಾಕುವ ಹಕ್ಕು ವಿಶ್ವವಿದ್ಯಾನಿಲಯಕ್ಕೂ ಇಲ್ಲ. ಇದನ್ನು ನಿರ್ಣಯಿಸಬೇಕಾದುದು ಫಲವು ಬಂದ ಮೇಲಲ್ಲ, ಸಹಿಗೆ ಮುಂಚೆ. ಕರಾರಿಗೆ ಒಪ್ಪಿ ಹಣವನ್ನು ಉಂಡ ಮೇಲೆ ಎಳೆಯ ವಿದ್ವಾಂಸನೊಬ್ಬನನ್ನು ಮಾತ್ರ ಸತ್ಯವಂತನಾಗೆಂದು ಒತ್ತಾಯಿಸುವುದು ಸಂಸ್ಥೆಗೆ ಶೋಭೆಯಲ್ಲ.

ಈ ಮಾತು ಮುಂದೆ ಇನ್ನೂ ಹೆಚ್ಚಾಗಿ ಬೇಕಾಗುವುದು. ೨೦೨೩ರ ಶಾಸನದಿಂದ ಏರ್ಪಟ್ಟ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ ೫೦,೦೦೦ ಕೋಟಿ ರೂಪಾಯಿಗಳನ್ನು ಕೂಡಿಸುವ ಅಂದಾಜನ್ನು ಸರಕಾರವು ಹೇಳಿತು. ಅದರಲ್ಲಿ ೩೬,೦೦೦ ಕೋಟಿಯು ಕೈಗಾರಿಕೋದ್ಯಮಿಗಳು, ದಾನಿಗಳು ಮೊದಲಾದ ಸರಕಾರೇತರ ಮೂಲಗಳಿಂದ ಬರತಕ್ಕುದು. ಇದರಲ್ಲಿ ತಪ್ಪೇನೂ ಇಲ್ಲ. ಟಾಟಾ ಅವರೂ ವ್ಯಾಪಾರಿಗಳೇ. ದಾತನು ವ್ಯಾಪಾರಿಯೆ ಅಲ್ಲವೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಆತನು ಪ್ರಶ್ನೆಗೆ ಹಣ ಕೊಟ್ಟನೋ, ಉತ್ತರಕ್ಕೆ ಹಣ ಕೊಟ್ಟನೋ ಎಂಬುದನ್ನು ನೋಡಬೇಕು. ಗೀತೆಯಲ್ಲಿ ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದಲ್ಲಿ, ಪ್ರತ್ಯುಪಕಾರವನ್ನು ಬಯಸಿ ಕೊಟ್ಟುದನ್ನು ರಾಜಸವೆಂದಿರುವುದು ಈ ಭೇದವನ್ನರಿತೇ ಸರಿ.

ಇನ್ನು ನಡುವೆ ನಿಂತ ವಿಶ್ವವಿದ್ಯಾನಿಲಯದ ಧರ್ಮವೇನು? ಸುವರ್ಣಮುಖಿಗೆ ಅಡ್ಡಲಾಗಿ ೧೮೯೨ರಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ ಬೋರನಕಣಿವೆಯ ಜಲಾಶಯದ ಸೀಮೆಯಲ್ಲಿ, ಕೆರೆಗೂ ಗದ್ದೆಗೂ ನಡುವೆ ನಿಲ್ಲುವ ನೀರುಗಂಟಿಯ ಕೆಲಸವನ್ನು ಅರಿಯದವರಿಲ್ಲ. ನೀರು ಅವನದಲ್ಲ, ಪೈರೂ ಅವನದಲ್ಲ. ತೂಬು ಮಾತ್ರ ಅವನ ವಶ. ಕಣದಲ್ಲಿ ಅವನಿಗೊಂದು ಆಯವು ಸಲ್ಲುವುದು ನ್ಯಾಯ. ವಿಶ್ವವಿದ್ಯಾನಿಲಯವು ತೆಗೆದುಕೊಳ್ಳುವ ಶೇಕಡಾ ಪಾಲೂ ಅಂತಹುದೇ. ಆದರೆ ಆಯವನ್ನು ತೆಗೆದುಕೊಂಡವನು ಪೈರು ಬಾಡುವ ಮುನ್ನ ತೂಬನ್ನು ತೆಗೆಯಬೇಕು. ಕೊಯ್ಲಾದ ಮೇಲೆ ಬಿಟ್ಟ ನೀರು ಲೆಕ್ಕದಲ್ಲಿ ಬಿಟ್ಟ ನೀರೇ ಆದರೂ ಒಂದು ತೆನೆಯನ್ನೂ ಉಳಿಸದು. ಸಾಮಗ್ರಿಗಾಗಿ ಬರೆದ ಕಾಗದವು ಮೇಜಿನಿಂದ ಮೇಜಿಗೆ ಅಲೆದು, ಮಾರ್ಚ್ ತಿಂಗಳ ಕೊನೆಯಲ್ಲಿ ಹಣವನ್ನು ಹೇಗಾದರೂ ಮುಗಿಸಿರೆಂದು ಅವಸರಪಡಿಸುವುದೂ, ಕಂತು ತಡವಾಯಿತೆಂದು ಬಡ ಮನೆಯಿಂದ ಬಂದ ಸಂಶೋಧನ ಸಹಾಯಕನಿಗೆ ತಿಂಗಳುಗಟ್ಟಲೆ ವೇತನವಿಲ್ಲದಂತೆ ಮಾಡುವುದೂ ನಿಯಮಪಾಲನೆಯಲ್ಲ. ಅದು ತೂಬಿನ ಮೇಲೆ ಕುಳಿತು ನಿದ್ರಿಸುವುದು. ನಿಕ್ಷೇಪವನ್ನು ತಿಂದವನಂತೆಯೇ, ವೇಳೆಗೆ ಒಪ್ಪಿಸದವನೂ ತಪ್ಪಿತಸ್ಥನು.

ಕೊನೆಯದಾಗಿ ಒಂದು ವಿಚಾರ. ವಿನಿಯೋಗದ ಪ್ರಮಾಣಪತ್ರವು ಹಣವು ಎಲ್ಲಿಗೆ ಹೋಯಿತೆಂದು ಹೇಳುವುದು. ಏನು ತಿಳಿಯಿತೆಂದು ಹೇಳದು. ಪ್ರತಿಯೊಂದು ರೂಪಾಯಿಗೂ ರಸೀತಿಯಿದ್ದು, ಬರೆದ ಫಲವು ಸುಳ್ಳಾಗಿದ್ದರೆ, ಆ ಪರಿಶುದ್ಧವಾದ ಲೆಕ್ಕವು ಪರಿಶುದ್ಧವಾದ ಕಳವು. ಅದಕ್ಕೆ ವಿರುದ್ಧವಾಗಿ, ಮೂರು ವರ್ಷ ದುಡಿದು, ಈ ಉಪಾಯದಿಂದ ಈ ಪೀಡೆಯು ನಿಲ್ಲಲಿಲ್ಲವೆಂದು ಉಳ್ಳುದನ್ನು ಉಳ್ಳಂತೆ ಬರೆದವನು ಋಣದಿಂದ ಮುಕ್ತನು; ಅವನಿಂದ ಸಾವಿರ ರೈತರ ಔಷಧದ ಹಣವು ಉಳಿಯಿತು. ಸರಕಾರದ ಖಜಾನೆಗೆ ಹಣವು ಬರುವುದು ಮನೆಮನೆಯ ಸಂತೆಯ ಚೀಲದಿಂದ. ಆದುದರಿಂದ ಮಂಜೂರಾತಿಯ ಆಜ್ಞೆಗೆ ಸಹಿ ಹಾಕಿದ ಅಧಿಕಾರಿಯು ನಿಜವಾದ ನಿಕ್ಷೇಪ್ತೃವಲ್ಲ. ನಿಕ್ಷೇಪ್ತೃಗಳು ಈ ಗೃಹಸ್ಥರೇ. ರೂಪಾಯಿಯ ಲೆಕ್ಕವು ಅಧಿಕಾರಿಗೆ ಸಲ್ಲಲಿ. ತಿಳಿವಿನ ಲೆಕ್ಕವು, ಒಕ್ಕಲಿಗನು ಓದಬಲ್ಲ ಕನ್ನಡದಲ್ಲಿ, ಅವನ ತೋಟದ ಬೇಲಿಯವರೆಗೆ ಬಂದು ಸಲ್ಲಬೇಕು. ಎರಡನೆಯದು ಬಾರದಿದ್ದರೆ ಅದನ್ನು ಕೇಳುವ ಹಕ್ಕು ಅವನಿಗುಂಟು. ಆ ಹಕ್ಕು ತನಗುಂಟೆಂದು ಅವನಿಗೆ ತಿಳಿಸುವ ಹೊಣೆಯು, ಅಕ್ಷರವನ್ನು ಕಲಿತ ಪ್ರತಿಯೊಂದು ಮನೆಗೂ ಸೇರಿದುದು.