ಸರಿಸಿದ ಹಿಮ ಯಾರ ಬಾಗಿಲಿಗೆ?

ದಾರಿ ಚೊಕ್ಕಟ ಮಾಡುವುದು ಒಳ್ಳೆಯ ಕೆಲಸ. ಇದರಲ್ಲಿ ಎರಡು ಮಾತಿಲ್ಲ. ಆದರೆ ಸರಿಸಿದ್ದನ್ನು ಎಲ್ಲಿ ಹಾಕಿದಿರಿ ಎಂದು ಕೇಳಿದರೆ ಮಾತು ತೊಡಕಾಗುತ್ತದೆ. ಮಳೆಯಲ್ಲದೆ ಬೇರೇನೂ ಬೀಳದ ಕೋಪರಖೈರಣೆಯಲ್ಲಿ ಕೂತು ಹಿಮದ ವಿಚಾರ ಬರೆಯಲು ಕಾರಣ, ಅಮೆರಿಕದ ಮಿಚಿಗನ್‌ನಲ್ಲಿರುವ ನನ್ನ ತಂಗಿಯ ಮಗ. ಅವನ ನೆರೆಯ ರೈತ ಹೊಲ ಉಳುವ ಟ್ರ್ಯಾಕ್ಟರಿಗೇ ಚಳಿಗಾಲದಲ್ಲಿ ಹಿಮ ತಳ್ಳುವ ಬ್ಲೇಡು ಕಟ್ಟುತ್ತಾನಂತೆ.

ಕಟ್ಟುವುದರಲ್ಲೂ ಲೆಕ್ಕವಿದೆ. ನಮ್ಮವರು ನೇಗಿಲು ಸಿಕ್ಕಿಸುವ ಹಿಂದಿನ ಮೂರು ಕೊಂಡಿಗಳಿಗೆ ಬ್ಲೇಡು ಕಟ್ಟಿದರೆ ಕತ್ತು ತಿರುಗಿಸಿ ತಿರುಗಿಸಿ ನೋಡಬೇಕು. ಮುಂದೆ ಕಟ್ಟಿದರೆ ಕಣ್ಣಿಗೆ ಕಾಣುತ್ತದೆ, ಆದರೆ ಮೂತಿ ಭಾರವಾಗಿ ಹಿಂದಿನ ಗಾಲಿ ಜಾರುತ್ತದೆ. ಆಗ ಹಿಂದೆಯೂ ಭಾರ ಹೇರಬೇಕು, ಟೈರಿಗೆ ಸರಪಳಿ ಸುತ್ತಬೇಕು. ಜಲ್ಲಿದಾರಿ ಕೆರೆದುಹೋಗದಂತೆ ಬ್ಲೇಡಿನ ಅಡಿಗೆ ಉಕ್ಕಿನ ಪಾದಗಳಿರುತ್ತವೆ. ಬ್ಲೇಡು ಓರೆ ಮಾಡಿದರೆ ಹಿಮ ಒಂದು ಬದಿಗೆ ಉರುಳುತ್ತ ಹೋಗುತ್ತದೆ.

ತಕರಾರಿರುವುದು ಆ ‘ಒಂದು ಬದಿ’ಯಲ್ಲೇ. ಅಲ್ಲಿ ಪಕ್ಕದ ಮನೆಯ ಗೇಟಿದ್ದರೆ? ಒಳಗಿರುವವರು ವಯಸ್ಸಾದವರಾದರೆ? ತಳ್ಳಿದ ಹಿಮವನ್ನು ಸಾರ್ವಜನಿಕ ರಸ್ತೆಯ ಮೇಲೆ ಹಾಕಕೂಡದೆಂದು ಮಿಚಿಗನ್ನಿನ ವಾಹನ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಮುಟ್ಟದ ಕಡೆ ಬದಿಯನ್ನು ಆರಿಸುವವನು ಸ್ಟೀರಿಂಗ್ ಹಿಡಿದವನು.

ಇದು ಹಿಮದ ನಾಡಿನ ಕಥೆ ಮಾತ್ರವಲ್ಲ. ತುಂಗಭದ್ರಾ ಎಡದಂಡೆಯ ಗಂಗಾವತಿ, ಸಿಂಧನೂರು ಕಡೆ ಭತ್ತದ ಕೆಸರು ತುಳಿಯಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಗದ್ದೆಯಲ್ಲಿ ಅದು ಬೇಕೇ ಬೇಕು. ಹಾಗೇ ಡಾಂಬರು ರಸ್ತೆಗಿಳಿದರೆ ರಸ್ತೆ ಕಿತ್ತುಬರುತ್ತದೆ. “ನಾಟಿ ಟೈಮಿನಾಗ ಬಿಚ್ಚಿ ಹಾಕ್ಕೋತ ಕೂತ್ರ ಹೊತ್ತು ಎಲ್ಲೈತ್ರಿ?” ಅಂತ ರೈತ ಕೇಳಿದರೆ ಅದೂ ಸುಳ್ಳಲ್ಲ. ಆದರೆ ಅವನು ಉಳಿಸಿದ ಅರ್ಧ ಗಂಟೆಯನ್ನು ತೆರುವವರು ಆ ಗುಂಡಿಗಳಲ್ಲಿ ಸೈಕಲ್ ತುಳಿಯುವ ಶಾಲೆ ಮಕ್ಕಳು.

ಬ್ಯಾಂಕಿನಲ್ಲಿ ಮೊದಲು ಕಲಿಯುವ ಪಾಠ ಇದೇ: ಒಂದು ಖಾತೆಯಿಂದ ತೆಗೆದದ್ದು ಇನ್ನೊಂದು ಖಾತೆಗೆ ಬೀಳಲೇಬೇಕು. ಎಲ್ಲಿಯೂ ಬೀಳದ ಹಣವಿಲ್ಲ, ಎಲ್ಲಿಯೂ ಬೀಳದ ಹಿಮವೂ ಇಲ್ಲ. ನಮ್ಮ ಕೋಪರಖೈರಣೆಯ ಹಳೆಯ ಕಸದ ಗುಡ್ಡೆಯನ್ನು ಮುಚ್ಚಿ ಅದರ ಮೇಲೆ ನಿಸರ್ಗ ಉದ್ಯಾನ ಮಾಡಿದರು. ಬೆಳಗಿನ ವಾಕಿಂಗಿಗೆ ಸೊಗಸಾದ ಜಾಗ. ಕಸವೇನೂ ನಿಲ್ಲಲಿಲ್ಲ, ತುರ್ಭೆಗೆ ಹೋಯಿತು.

ಹಾಗಾದರೆ ಸರಿಸುವುದನ್ನೇ ಬಿಡಬೇಕೆ? ಬಿಟ್ಟರೆ ಬದುಕು ನಡೆಯದು. ಆ ಮಿಚಿಗನ್ ರೈತ ಹಿಮವನ್ನು ದಾರಿಯ ಕೊನೆಯವರೆಗೆ ತಳ್ಳಿ ತನ್ನದೇ ಹೊಲದ ಅಂಚಿಗೆ ಸುರಿಯುತ್ತಾನಂತೆ. ಹತ್ತು ನಿಮಿಷ ಹೆಚ್ಚು, ಡೀಸೆಲ್ಲೂ ಹೆಚ್ಚು. ನೀತಿ ಎಂಬುದರ ಬೆಲೆ ಎಷ್ಟೋ ಸಲ ಇಷ್ಟೇ ಇರುತ್ತದೆ; ಆದರೆ ಅದನ್ನು ನಮ್ಮ ಜೇಬಿನಿಂದ ಕೊಡಬೇಕು.

ಊರು ಬಿಟ್ಟವರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಮುಂಬಯಿ, ಮಿಚಿಗನ್ ಎಂದು ಹೊರಟವರಿಗೆ ದಾರಿ ಚೊಕ್ಕಟವಾಯಿತು. ಅಪ್ಪ ಅಮ್ಮನ ಔಷಧಿ, ಬದುವಿನ ಜಗಳ, ಹಬ್ಬಕ್ಕೆ ಬಂದವರ ಊಟ ಇವೆಲ್ಲ ಊರಲ್ಲುಳಿದ ಅಣ್ಣನ ಇಲ್ಲವೇ ತಮ್ಮನ ಬಾಗಿಲಿಗೆ ಸರಿದವು. ತಿಂಗಳು ತಿಂಗಳು ದುಡ್ಡು ಕಳಿಸುವುದು ಹಿಂದಿನ ಗಾಲಿಗೆ ಹೇರುವ ಭಾರವಿದ್ದ ಹಾಗೆ; ಗಾಡಿ ಜಾರದು, ನಿಜ. ಗುಡ್ಡೆ ಮಾತ್ರ ಇದ್ದಲ್ಲೇ ಇರುತ್ತದೆ. ವರ್ಷಕ್ಕೆ ಹದಿನೈದು ದಿನವಾದರೂ ಸಲಿಕೆ ಹಿಡಿದು ಅವನ ಪಕ್ಕ ನಿಲ್ಲದಿದ್ದರೆ, “ಅವನು ಊರಲ್ಲೇ ಉಳಿದ” ಎನ್ನುವ ಹಕ್ಕು ಹೊರಟವರಿಗೆ ಇರುವುದಿಲ್ಲ.